ಬಸ್ಸಾರಿನ ಪ್ರೋಟೀನ್ ಪಲ್ಯದಲ್ಲಿದೆ: ಮೈ ಕಟ್ಟುವವರ ಊಟದ ಲೆಕ್ಕ

ಬಸ್ಸಾರಿಗೆ ಕಾಳು, ಸೊಪ್ಪು ಬೇಯಿಸಿ, ಕಟ್ಟನ್ನು ಬಸಿದು ಸಾರು ಮಾಡುತ್ತೇವೆ. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಜಿಮ್‌ಗೆ ಹೋಗುವ ಹುಡುಗ ಆ ಸಾರಿನಲ್ಲಿ ಎರಡು ಮುದ್ದೆ ನುಂಗಿ, ಪಲ್ಯವನ್ನು ಎರಡು ಚಮಚ ಮುಟ್ಟಿ ಎದ್ದರೆ ಹೊಟ್ಟೆಯೇನೋ ತುಂಬುತ್ತದೆ, ಆದರೆ ಪ್ರೋಟೀನ್ ಬಾಣಲೆಯಲ್ಲೇ ಉಳಿದಿರುತ್ತದೆ. ಕಟ್ಟಿಗೆ ಇಳಿಯುವುದು ಸ್ವಲ್ಪ, ಹೆಚ್ಚಿನದು ಕಾಳಿನಲ್ಲೇ ಇರುತ್ತದೆ. ಮಂಡ್ಯ, ಮೈಸೂರು ಕಡೆಯ ಊಟದಲ್ಲಿ ಶಕ್ತಿಗೆ ಕೊರತೆಯಿಲ್ಲ. ತಪ್ಪುವುದು ಈ ಕಾಳಿನ ಲೆಕ್ಕ.

ಸಾಮಾನ್ಯ ಆರೋಗ್ಯಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವುದು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಕಿಲೋಗೆ 1.6 ಗ್ರಾಂ ಬೇಕು. ಪೂರ್ತಿ ಸಸ್ಯಾಹಾರಿಗಳು 1.8ರ ಹತ್ತಿರ ಇಟ್ಟುಕೊಳ್ಳಲಿ, ಏಕೆಂದರೆ ಕಾಳಿನ ಪ್ರೋಟೀನ್ ಮೊಟ್ಟೆ, ಹಾಲಿನಷ್ಟು ಪೂರ್ತಿಯಾಗಿ ಜೀರ್ಣವಾಗುವುದಿಲ್ಲ. 2.2 ದಾಟಿದರೆ ಹೆಚ್ಚಿನ ಲಾಭ ಕಾಣುವುದಿಲ್ಲ, ದುಡ್ಡು ಖರ್ಚು ಅಷ್ಟೇ. ಹೊಟ್ಟೆ ಬಂದಿರುವವರು ಈಗಿನ ತೂಕಕ್ಕೆ ಗುಣಿಸಬೇಡಿ. ಸೆಂಟಿಮೀಟರ್‌ನಲ್ಲಿ ಎತ್ತರ ಬರೆದು 100 ಕಳೆದರೆ ಬರುವ ಸಂಖ್ಯೆ ಸಾಕು. 60 ಕಿಲೋದವರಿಗೆ ದಿನಕ್ಕೆ 96ರಿಂದ 108 ಗ್ರಾಂ ಆಯಿತು.

ಇನ್ನು ಒಟ್ಟು ಊಟ. ತೂಕವನ್ನು 35ರಿಂದ ಗುಣಿಸಿದರೆ ಈಗಿನ ಮೈಯನ್ನು ಹಾಗೇ ಉಳಿಸಿಕೊಳ್ಳಲು ಬೇಕಾದ ಕ್ಯಾಲೊರಿ ಅಂದಾಜು ಸಿಗುತ್ತದೆ: 60 ಕಿಲೋಗೆ 2,100. ಮೈ ಬೆಳೆಯಲು ಅದಕ್ಕೆ 300 ಸೇರಿಸಿ. ಗದ್ದೆ ಕೆಲಸವೋ ಕಬ್ಬು ಕಡಿಯುವುದೋ ಇದ್ದರೆ ಇನ್ನೂ ಬೇಕು. ಕೂತು ಕೆಲಸ ಮಾಡುವವರು 32ರಿಂದ ಗುಣಿಸಲಿ.

ಅಳತೆ ಯಾವಾಗಲೂ ಹಸಿಯಾಗಿರುವಾಗಲೇ. ‘ಎರಡು ಮುದ್ದೆ’ ಎಂಬುದು ಅಳತೆಯೇ ಅಲ್ಲ, ಏಕೆಂದರೆ ಮನೆಯ ಮುದ್ದೆಗೂ ಹೆದ್ದಾರಿ ಹೋಟೆಲಿನ ಮುದ್ದೆಗೂ ಅಜಗಜಾಂತರ. ರಾಗಿ ಹಿಟ್ಟನ್ನೇ ತೂಗಿ: 100 ಗ್ರಾಂ ಹಿಟ್ಟಿನಲ್ಲಿ 7 ಗ್ರಾಂ ಪ್ರೋಟೀನ್, ಸುಮಾರು 325 ಕ್ಯಾಲೊರಿ. ಒಣ ಹುರುಳಿ, ತೊಗರಿಬೇಳೆ 100 ಗ್ರಾಂಗೆ 22 ಗ್ರಾಂ ಪ್ರೋಟೀನ್. ಬೆಂದ ಕಾಳು ನೀರು ಕುಡಿದು ಎರಡೂವರೆ ಪಟ್ಟು ಭಾರವಾಗಿರುತ್ತದೆ, ಅದನ್ನು ತೂಗಿ 22 ಎಂದು ಬರೆದುಕೊಂಡರೆ ಅರ್ಧಕ್ಕಿಂತ ಹೆಚ್ಚು ಸುಳ್ಳು ಲೆಕ್ಕ. ಕೋಳಿಯಲ್ಲೂ ಹೀಗೇ. ಮೂಳೆಯಿಲ್ಲದ ಎದೆಮಾಂಸ ಹಸಿಯಾಗಿ 100 ಗ್ರಾಂ ಇದ್ದರೆ 22-23 ಗ್ರಾಂ ಪ್ರೋಟೀನ್. ಅಷ್ಟು ಮಾಂಸ ಸಿಗಬೇಕಾದರೆ ಮೂಳೆ ಸಮೇತ 160 ಗ್ರಾಂ ತೂಗಿಸಬೇಕು. ಮೊಟ್ಟೆ ಒಂದಕ್ಕೆ 6, ಹಾಲು ಕಾಲು ಲೀಟರಿಗೆ 8, ಪನೀರ್ 100 ಗ್ರಾಂಗೆ 18, ಒಣ ಸೋಯಾ ಚಂಕ್ಸ್ 100 ಗ್ರಾಂಗೆ 52. ಬನ್ನೂರು ಕುರಿಯ ಬಾಡು ಭಾನುವಾರಕ್ಕೆ ಚೆನ್ನ. ದಿನಾ ತಿಂದರೆ ಜತೆಗೆ ಬರುವ ಕೊಬ್ಬು ಕ್ಯಾಲೊರಿಯನ್ನು ಬೇಗ ಏರಿಸುತ್ತದೆ.

60 ಕಿಲೋದವರ ಒಂದು ದಿನ ಹೀಗಿರಬಹುದು. ಬೆಳಿಗ್ಗೆ ಮೂರು ಇಡ್ಲಿ, ಮೂರು ಬೆಂದ ಮೊಟ್ಟೆ, ಕಾಲು ಲೀಟರ್ ಹಾಲು: 31 ಗ್ರಾಂ. ಮಧ್ಯಾಹ್ನ 100 ಗ್ರಾಂ ಹಿಟ್ಟಿನ ಮುದ್ದೆ, 60 ಗ್ರಾಂ ಒಣಕಾಳು ಬೇಯಿಸಿದ ಸಾರು-ಪಲ್ಯ, 50 ಗ್ರಾಂ ಅಕ್ಕಿಯ ಅನ್ನ, ಒಂದು ಬಟ್ಟಲು ಮೊಸರು: 29. ಸಂಜೆ ವ್ಯಾಯಾಮದ ಆಸುಪಾಸಿನಲ್ಲಿ 50 ಗ್ರಾಂ ಹುರಿಗಡಲೆ, ಎರಡು ಬಾಳೆಹಣ್ಣು, ಕಾಲು ಲೀಟರ್ ಹಾಲು: 20. ರಾತ್ರಿ ಅಷ್ಟೇ ಹಿಟ್ಟಿನ ಮುದ್ದೆ, ಮೂಳೆ ಬಿಟ್ಟು 100 ಗ್ರಾಂ ಕೋಳಿ: 29. ಒಟ್ಟು 109 ಗ್ರಾಂ, ಅಡುಗೆ ಎಣ್ಣೆ ಸೇರಿ 2,500ರೊಳಗಿನ ಕ್ಯಾಲೊರಿ. ಮೊಟ್ಟೆ ತಿನ್ನದವರು ಬೆಳಿಗ್ಗೆ 75 ಗ್ರಾಂ ಪನೀರ್, ರಾತ್ರಿ ಕೋಳಿಯ ಬದಲು 40 ಗ್ರಾಂ ಒಣ ಸೋಯಾ ಹಾಕಿಕೊಂಡರೆ 103ರ ಹತ್ತಿರ ಬರುತ್ತದೆ. ಸೋಯಾ ಚಂಕ್ಸನ್ನು ಕುದಿಸಿ, ಎರಡು ಸಲ ತಣ್ಣೀರಲ್ಲಿ ಹಿಂಡಿದರೆ ಆ ಹಸಿ ವಾಸನೆ ಹೋಗುತ್ತದೆ. ಪ್ರೋಟೀನನ್ನು ಮೂರು-ನಾಲ್ಕು ಹೊತ್ತಿಗೆ ಹಂಚುವುದು ಒಳ್ಳೆಯದು; ವ್ಯಾಯಾಮ ಮುಗಿದು ಅರ್ಧ ಗಂಟೆಯೊಳಗೇ ತಿನ್ನಬೇಕೆಂಬ ಗಡಿಬಿಡಿ ಬೇಡ.

ಮುದ್ದೆ ಜತೆ ಕಾಳುಸಾರು ಎಂಬ ನಮ್ಮ ಜೋಡಿ ಸುಮ್ಮನೆ ಬಂದದ್ದಲ್ಲ ಅನ್ನಿಸುತ್ತದೆ. ಪ್ರೋಟೀನ್ ಆಗುವುದು ಅಮೈನೊ ಆಮ್ಲಗಳಿಂದ; ಅವುಗಳಲ್ಲಿ ಒಂದಾದ ಲೈಸಿನ್ ರಾಗಿಯಲ್ಲಿ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆಯಿರುವ ಇನ್ನೊಂದು ಅಮೈನೊ ಆಮ್ಲ ಮೆಥಿಯೋನಿನ್ ರಾಗಿಯಲ್ಲಿದೆ. ಬರೀ ಉಪ್ಸಾರಿನ ತಿಳಿಯಲ್ಲಿ ಮುದ್ದೆ ಅದ್ದಿದರೆ ಈ ಲಾಭವಿಲ್ಲ.

ಕಾಳನ್ನು ಒಂದೇ ದಿನಕ್ಕೆ ಏರಿಸಿದರೆ ಹೊಟ್ಟೆ ಉಬ್ಬರ ಖಂಡಿತ. ನಾಲ್ಕು ದಿನಕ್ಕೊಮ್ಮೆ 15 ಗ್ರಾಂನಂತೆ ಹೆಚ್ಚಿಸಿ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿ. ಮೊಳಕೆ ಕಟ್ಟಿದ ಹುರುಳಿಯಾದರೆ ಇನ್ನೂ ಹಗುರ.

ಗರಡಿ ಮನೆಯ ಕಾಲದಿಂದ ಬಂದ ಹಸಿಮೊಟ್ಟೆ ಕುಡಿಯುವ ಚಾಳಿ ಬಿಡಿ. ಬೇಯಿಸಿದ ಮೊಟ್ಟೆಯ ಪ್ರೋಟೀನ್ ಹೆಚ್ಚು ಜೀರ್ಣವಾಗುತ್ತದೆ, ಸಾಲ್ಮೊನೆಲ್ಲಾ ಸೋಂಕಿನ ಭಯವೂ ಇರುವುದಿಲ್ಲ. ಹಳದಿ ಭಾಗ ಎಸೆದು ಬಿಳಿ ಮಾತ್ರ ತಿನ್ನುವವರು ಮೊಟ್ಟೆಯ ಪ್ರೋಟೀನಿನ ಸುಮಾರು ನೂರಕ್ಕೆ 40 ಭಾಗವನ್ನು ಚೆಲ್ಲುತ್ತಾರೆ. ಹಾಲಿನಿಂದ ತೆಗೆದ ಪ್ರೋಟೀನ್ ಪುಡಿಯಾದ ವೇ ಪೌಡರ್ ಒಂದು ಸ್ಕೂಪ್‌ನಲ್ಲಿ ಸಾಮಾನ್ಯವಾಗಿ 24 ಗ್ರಾಂ, ಅಂದರೆ ನಾಲ್ಕು ಮೊಟ್ಟೆ ಅಥವಾ ಮುಕ್ಕಾಲು ಲೀಟರ್ ಹಾಲು. ಊಟದಲ್ಲೇ ಲೆಕ್ಕ ಕೂಡಿದರೆ ಅದು ಬೇಕಿಲ್ಲ; ಕೊಂಡರೆ ಡಬ್ಬದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ಸಂಖ್ಯೆ ನೋಡಿ ಕೊಳ್ಳಿ. ಕಿಡ್ನಿ ತೊಂದರೆಯಿರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಬಾರದು.

ವಾರಕ್ಕೆ ಮೂರು ದಿನ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿ ಸರಾಸರಿ ಬರೆದಿಡಿ. 60 ಕಿಲೋದವರ ತೂಕ ವಾರಕ್ಕೆ 150ರಿಂದ 300 ಗ್ರಾಂ ಏರಿದರೆ ಸರಿದಾರಿ. ಎರಡು ವಾರ ಕದಲದಿದ್ದರೆ 50 ಗ್ರಾಂ ರಾಗಿ ಹಿಟ್ಟು ಅಥವಾ ಒಂದು ಹಿಡಿ ಕಡಲೆಕಾಯಿ ಬೀಜ ಸೇರಿಸಿ. ತೂಕಕ್ಕಿಂತ ವೇಗವಾಗಿ ಹೊಕ್ಕುಳ ಸುತ್ತಳತೆ ಏರುತ್ತಿದ್ದರೆ ಪ್ರೋಟೀನ್ ಮುಟ್ಟದೆ, ಅನ್ನ ಮತ್ತು ಎಣ್ಣೆಯಿಂದ 200 ಕ್ಯಾಲೊರಿ ಇಳಿಸಿ. ಎತ್ತುವ ಭಾರವೇ ತಿಂಗಳಿಂದ ಹೆಚ್ಚಾಗಿಲ್ಲವೆಂದರೆ ಊಟ ಬದಲಿಸುವ ಮುನ್ನ ವ್ಯಾಯಾಮದ ಪಟ್ಟಿ ಮತ್ತು ನಿದ್ದೆಯ ಗಂಟೆಗಳನ್ನು ನೋಡಿ.