ಸಿ ಡ್ರೈವ್ ತುಂಬಿದಾಗ ಫಾರ್ಮ್ಯಾಟ್ ಹೊಡೆಯದೆ ದೊಡ್ಡ ಡಿಸ್ಕಿಗೆ ದಾಟಿಸಿದ್ದು

"ಅಷ್ಟ್ಯಾಕ ಒದ್ದಾಡ್ತೀರಿ ಸರ, ಫಾರ್ಮ್ಯಾಟ್ ಹೊಡದು ಹೊಸಾದು ಹಾಕಿ ಕೊಟ್ಟುಬಿಡ್ರಿ." ಹುಬ್ಬಳ್ಳಿಯಲ್ಲಿ ರಿಪೇರಿ ಮಾಡುವ ನಮ್ಮ ಮಂದಿಯಲ್ಲಿ ಹತ್ತಕ್ಕೆ ಎಂಟು ಜನ ಹೇಳುವುದು ಇದನ್ನೇ. ಮನೆಯ ಲ್ಯಾಪ್‌ಟಾಪಿಗೆ ಅದು ಸರಿ. ಬ್ಯಾಡಗಿಯ ಅಡತಿ ಅಂಗಡಿಯ ಲೆಕ್ಕದ ಕಂಪ್ಯೂಟರಿಗೆ ಸರಿಯಲ್ಲ. ಅದರಲ್ಲಿ ಟ್ಯಾಲಿ ಇರುತ್ತದೆ, ತೂಕದ ಕಾಟಾದ ಸಾಫ್ಟ್‌ವೇರ್ ಇರುತ್ತದೆ, ಆ ಸಾಫ್ಟ್‌ವೇರ್ ಬರೆದುಕೊಟ್ಟವನ ಫೋನ್ ನಂಬರ್ ಈಗ ಯಾರ ಹತ್ತಿರವೂ ಇರುವುದಿಲ್ಲ. ಗದಗಿನ ಮುದ್ರಣಾಲಯದ ಯಂತ್ರವಂತೂ ಕೇಳಲೇಬೇಡಿ: ಪೇಜ್‌ಮೇಕರ್, ಕೋರೆಲ್‌ಡ್ರಾ, ನುಡಿ, ಮುನ್ನೂರು ನಾನೂರು ಫಾಂಟು, ಸಿಡಿ ಕಳೆದುಹೋದ ಪ್ಲೇಟ್ ಪ್ರಿಂಟರಿನ ಡ್ರೈವರ್. ಫಾರ್ಮ್ಯಾಟ್ ಹೊಡೆದರೆ ವಿಂಡೋಸ್ ಒಂದು ತಾಸಿನಲ್ಲಿ ಏಳುತ್ತದೆ, ಉಳಿದದ್ದು ಹದಿನೈದು ದಿನವಾದರೂ ಏಳುವುದಿಲ್ಲ.

ಹಾಗಾಗಿ ಇದ್ದ ವ್ಯವಸ್ಥೆಯನ್ನು ಇದ್ದ ಹಾಗೆಯೇ ಎತ್ತಿ ದೊಡ್ಡ ಡಿಸ್ಕಿಗೆ ಇಡುವುದು. ಎರಡು ವರ್ಷದಲ್ಲಿ ಸುಮಾರು ನಲವತ್ತು ಯಂತ್ರ ಹೀಗೆ ದಾಟಿಸಿದ್ದೇನೆ, ಕೈಕೊಟ್ಟದ್ದು ಮೂರು. "ಕ್ಲೋನ್ ಮಾಡಿದ್ದು ಬೂಟ್ ಆಗೂದಿಲ್ರಿ" ಅಂತ ನಕ್ಕವರೇ ಈಗ ಗಿರಾಕಿಗಳನ್ನು ಕಳಿಸುತ್ತಾರೆ.

ಮೊದಮೊದಲು ಎಡವಿದ್ದು ಎಲ್ಲಿ ಎಂದರೆ, ವಿಂಡೋಸ್ ಒಳಗೇ ಓಡುವ ಕ್ಲೋನ್ ಸಾಫ್ಟ್‌ವೇರ್ ನೆಚ್ಚಿಕೊಂಡಿದ್ದು. ಮ್ಯಾಕ್ರಿಯಂನ ಪುಕ್ಕಟೆ ಆವೃತ್ತಿ 2024ರ ಜನವರಿಯಲ್ಲಿ ನಿಂತಿತು. ಆಮೇಲೆ ಎಸ್‌ಎಸ್‌ಡಿ ಜೊತೆ ಬಂದ ಸಾಫ್ಟ್‌ವೇರ್, ದುಡ್ಡು ಕೊಟ್ಟು ಕೊಂಡ ಇನ್ನೊಂದು, ಎರಡನ್ನೂ ನೋಡಿದೆ. ಡಿಸ್ಕ್ ಆರೋಗ್ಯವಾಗಿದ್ದರೆ ಎಲ್ಲವೂ ಚಲೋ. ನಡುವೆ ಒಂದೇ ಒಂದು ಕೆಟ್ಟ ಸೆಕ್ಟರ್ (ಡಿಸ್ಕಿನಲ್ಲಿ ಓದಲಾಗದ ಚೂರು) ಸಿಕ್ಕಿತೋ, ತೊಂಬತ್ತು ಪರ್ಸೆಂಟಿಗೆ ಬಂದು ನಿಂತು ಎಲ್ಲವನ್ನೂ ಬಿಟ್ಟುಬಿಡುತ್ತವೆ. ಕ್ಲೋನೆಜಿಲ್ಲಾ ಕೂಡ ರೆಸ್ಕ್ಯೂ ಆಯ್ಕೆ ಹಾಕದಿದ್ದರೆ ಹಾಗೆಯೇ. ಸಿ ಡ್ರೈವ್ ತುಂಬಿತು ಅಂತ ನಮ್ಮ ಹತ್ತಿರ ಬರುವ ಡಿಸ್ಕುಗಳು ಆರೇಳು ವರ್ಷ ದುಡಿದವು. ಕೆಟ್ಟ ಸೆಕ್ಟರ್ ಇಲ್ಲದ್ದು ಮೂರರಲ್ಲಿ ಒಂದು ಇರಬಹುದು.

ಈಗಿನ ನನ್ನ ಪದ್ಧತಿ ಇಷ್ಟೇ: ಹಳೆಯ ಡಿಸ್ಕನ್ನು ಆದಷ್ಟು ಕಡಿಮೆ ಓದುವುದು, ಓದಲು ಶುರು ಮಾಡಿದ ಮೇಲೆ ಅದರ ಮೇಲೆ ಏನೂ ಬರೆಯದಿರುವುದು, ರಿಪೇರಿ ಎಲ್ಲವನ್ನೂ ಪ್ರತಿಯ ಮೇಲೆ ಮಾಡುವುದು. ಓದಲು ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕಿನಿಂದ ಎತ್ತಲೆಂದೇ ಇರುವ ಸಾಫ್ಟ್‌ವೇರ್), ಲಿನಕ್ಸ್ ಪೆನ್‌ಡ್ರೈವಿನಿಂದ.

ಓದುವ ಮುಂಚಿನ ಕೆಲಸ ಹತ್ತು ನಿಮಿಷದ್ದು, ತಪ್ಪಿಸಿದರೆ ಒಂದು ದಿನ ಹೋಗುತ್ತದೆ. ವಿಂಡೋಸ್ ಇನ್ನೂ ಏಳುತ್ತಿದ್ದರೆ ಹೈಬರ್ನೇಟ್ ಆಫ್ ಮಾಡಿ. ಅದರ ಜೊತೆ ಬರುವ ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಆದಂತೆ ಕಂಡರೂ ವಿಂಡೋಸಿನ ಫೈಲ್ ವ್ಯವಸ್ಥೆ ಎನ್‌ಟಿಎಫ್‌ಎಸ್ ಅರ್ಧ ತೆರೆದೇ ಇರುತ್ತದೆ, ಆಮೇಲೆ ಪಾರ್ಟಿಷನ್ (ಡಿಸ್ಕಿನ ಪಾಲು) ಹಿಗ್ಗಿಸುವ ಜಿಪಾರ್ಟೆಡ್ ಅದನ್ನು ಮುಟ್ಟುವುದಿಲ್ಲ. ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಸಸ್ಪೆಂಡ್ ಮಾಡಿದರೆ ಸಾಲದು, ಪೂರ್ತಿ ಆಫ್ ಮಾಡಿ ಡಿಕ್ರಿಪ್ಟ್ ಮುಗಿಯುವವರೆಗೆ ಕಾಯಬೇಕು. ವಿಂಡೋಸ್ 11ರ ಹೊಸ ಲ್ಯಾಪ್‌ಟಾಪುಗಳಲ್ಲಿ ಇದು ತಾನೇ ಆನ್ ಆಗಿರುತ್ತದೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ರೀಏಜೆಂಟ್‌ಸಿ ಕಮಾಂಡಿನಿಂದ ವಿಂಡೋಸ್ ರಿಕವರಿ ಡಿಸೇಬಲ್ ಮಾಡಿದರೆ ಅದರ ಫೈಲ್ ಸಿ ಡ್ರೈವಿಗೆ ವಾಪಸ್ ಬರುತ್ತದೆ. ಅದು ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ. ಟ್ಯಾಲಿ ಲೈಸೆನ್ಸ್ ಸರೆಂಡರ್ ಮಾಡಿಯೇ ಶುರು ಮಾಡುವುದು, ಇಲ್ಲವಾದರೆ ರಾತ್ರಿ ಎಂಟಕ್ಕೆ ಮಾಲೀಕರಿಗೆ ಪಾಸ್‌ವರ್ಡ್ ಕೇಳುವ ಪಾಳಿ ಬರುತ್ತದೆ.

ಚೆಕ್‌ಡಿಸ್ಕ್ ಮಾತ್ರ ಹಳೆಯದರ ಮೇಲೆ ಓಡಿಸಬೇಡಿ. ಸಾಯುತ್ತಿರುವ ಡಿಸ್ಕಿಗೆ ಅದು ಕೊನೆಯ ಒದೆತ. ಪ್ರತಿಯ ಮೇಲೆ ಓಡಿಸಿ.

ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಕೆಟ್ಟ ಸೆಕ್ಟರಿನ ಎಣಿಕೆಗಳಾದ 05, ಸಿ5, ಸಿ6 ನೋಡುವುದು ಎಲ್ಲರಿಗೂ ಗೊತ್ತು. ಕೇಬಲಿನಲ್ಲಿ ಆಗುವ ತಪ್ಪುಗಳ ಎಣಿಕೆ ಸಿ7 ಕೂಡ ನೋಡಿ. ಬ್ಯಾಡಗಿಯ ಒಂದು ಯಂತ್ರದಲ್ಲಿ ಸಿ5 ಸೊನ್ನೆ, ಸಿ7 ಮಾತ್ರ ಸಾವಿರದ ಮೇಲೆ. ಬಾಗಿಲು ತೆಗೆದರೆ ಮದರ್‌ಬೋರ್ಡ್ ಮೇಲೆ ಕುಂಕುಮ ಚೆಲ್ಲಿದ ಹಾಗೆ ಮೆಣಸಿನಕಾಯಿ ಧೂಳು, ಡಿಸ್ಕಿನ ಕೇಬಲ್ ಕೂರುವ ಸಾಟಾ ಕನೆಕ್ಟರಿನ ತುಟಿಯಲ್ಲೂ ಅದೇ. ಬ್ಲೋವರ್ ಹಚ್ಚುವ ಮುಂಚೆ ಮೂಗು ಬಾಯಿ ಕಟ್ಟಿಕೊಳ್ಳಿ, ಆ ಘಾಟು ಇಡೀ ಅಂಗಡಿಯನ್ನು ಖಾಲಿ ಮಾಡಿಸುತ್ತದೆ. ಐಸೋಪ್ರೊಪೈಲ್‌ನಲ್ಲಿ ಕನೆಕ್ಟರ್ ಒರೆಸಿ, ಎಪ್ಪತ್ತು ರೂಪಾಯಿಯ ಹೊಸ ಕೇಬಲ್ ಹಾಕಿದ ಮೇಲೆ ಗೊತ್ತಾಯಿತು, ಡಿಸ್ಕಿನದು ತಪ್ಪೇ ಇರಲಿಲ್ಲ. ಎಣಿಕೆ ಅಲ್ಲಿಗೇ ನಿಂತಿತು. ಹಳೆಯ ಎಣಿಕೆ ಇಳಿಯುವುದಿಲ್ಲ, ಏರದಿದ್ದರೆ ಸಾಕು.

ಡಿಡಿರೆಸ್ಕ್ಯೂ ಯಾಕೆ ಎಂದರೆ ಒಂದು ಕಾರಣ ಕೆಟ್ಟ ಸೆಕ್ಟರ್, ಇನ್ನೊಂದು ಕರೆಂಟ್. ಎಲ್ಲಿಯವರೆಗೆ ಓದಿತು ಅಂತ ಬರೆದಿಡುವ ಮ್ಯಾಪ್ ಫೈಲನ್ನು ಬೇರೊಂದು ಪೆನ್‌ಡ್ರೈವಿನಲ್ಲಿ ಇಟ್ಟರೆ, ನಡುವೆ ಕರೆಂಟ್ ಹೋಗಿ ಇನ್ವರ್ಟರ್ ಎತ್ತಿಕೊಳ್ಳುವಷ್ಟರಲ್ಲಿ ಯಂತ್ರ ರೀಸ್ಟಾರ್ಟ್ ಆದರೂ, ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಮೊದಲ ಸುತ್ತು ಸ್ಕ್ರೇಪ್ (ಕೆಟ್ಟ ಜಾಗವನ್ನು ಕೆರೆದು ಓದುವುದು) ಇಲ್ಲದೆ, ಸುಲಭಕ್ಕೆ ಸಿಕ್ಕಿದ್ದನ್ನೆಲ್ಲ ಎತ್ತಿಕೊಳ್ಳುವುದು. ಎರಡನೆಯದು ಡಿಸ್ಕನ್ನು ನೇರ ಓದುವ ಡೈರೆಕ್ಟ್ ಮೋಡಿನಲ್ಲಿ ಮೂರು ಸಲ ಮರುಪ್ರಯತ್ನ. ಮೂರನೆಯದು ಹಿಂದಿನಿಂದ ಮುಂದಕ್ಕೆ. ಎರಡು ಮತ್ತು ಮೂರರ ನಡುವೆ ಡಿಸ್ಕಿಗೆ ನಾನು ಮಾಡುವ ಒಂದು ಸಣ್ಣ ಉಪಚಾರ ಇದೆ. ಅದು ನನ್ನ ಅಂಗಡಿಯ ಗುಟ್ಟು, ಇಲ್ಲಿ ಬೇಡ.

ಇಲ್ಲಿಯೇ ನನ್ನ ಮೊದಲ ದೊಡ್ಡ ಸೋಲು. ಕರೆಂಟ್ ಬಂದು ಮತ್ತೆ ಬೂಟ್ ಆದಾಗ ಲಿನಕ್ಸ್ ಎರಡು ಡಿಸ್ಕಿಗೆ ಕೊಟ್ಟ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಅದಲುಬದಲಾಗಿದ್ದವು. ಹಳೆಯ ಕಮಾಂಡನ್ನೇ ಒತ್ತಿದೆ. ಓದಲು ಬಾಕಿ ಇದ್ದ ಭಾಗಕ್ಕೆ ಹೊಸ ಡಿಸ್ಕಿನ ಸೊನ್ನೆಗಳು ಹೋಗಿ ಕೂತವು. ನಿಲ್ಲಿಸುವಷ್ಟರಲ್ಲಿ ಮೂರು ನಾಲ್ಕು ಜಿಬಿ ಹೋಗಿತ್ತು. ಪುಣ್ಯಕ್ಕೆ ಅದು ಇ ಡ್ರೈವಿನ ಮದುವೆ ವಿಡಿಯೋಗಳ ಜಾಗ, ಅವುಗಳ ಪ್ರತಿ ಫೋಟೋಗ್ರಾಫರ್ ಹತ್ತಿರ ಇತ್ತು. ಆ ಕೆಲಸಕ್ಕೆ ರೊಕ್ಕ ತೆಗೆದುಕೊಳ್ಳಲಿಲ್ಲ, ಮೇಲೆ ಎರಡು ಸಾವಿರ ನನ್ನದೇ ಹೋಯಿತು. ಅವತ್ತಿನಿಂದ ಎಸ್‌ಡಿಎ ಅಂತ ಬರೆಯುವುದೇ ಇಲ್ಲ. ಡಿಸ್ಕಿನ ಸೀರಿಯಲ್ ನಂಬರ್ ಇರುವ ಬೈ-ಐಡಿ ಹೆಸರನ್ನೇ ಕೊಡುತ್ತೇನೆ, ಉದ್ದ ಆದರೂ ಆಗಲಿ.

ವೇಗದ ಲೆಕ್ಕ, ನೆನಪಿದ್ದಷ್ಟು: 500 ಜಿಬಿಯ ಮೂರೂವರೆ ಇಂಚಿನ ಡಿಸ್ಕ್ ಶುರುವಿಗೆ ಸೆಕೆಂಡಿಗೆ 120 ಎಂಬಿ, ಕೊನೆಗೆ 60ಕ್ಕೆ ಇಳಿಯುತ್ತದೆ, ಒಟ್ಟು ಒಂದೂಮುಕ್ಕಾಲು ತಾಸು. ಅದೇ ಡಿಸ್ಕನ್ನು ಕಂಪ್ಯೂಟರಿನ ಮುಂಭಾಗದ ಯುಎಸ್‌ಬಿ 2 ಪೋರ್ಟಿಗೆ ಹಾಕಿದರೆ 30ರ ಆಸುಪಾಸು, ನಾಲ್ಕೂವರೆ ತಾಸು. ಏಪ್ರಿಲ್‌ನಲ್ಲಿ ಟೇಬಲ್ ಮೇಲೆ ಬೆತ್ತಲೆ ಇಟ್ಟ ಡಿಸ್ಕ್ 55 ಡಿಗ್ರಿ ದಾಟುತ್ತದೆ. ಹಳೆಯ ಎಸ್‌ಎಂಪಿಎಸ್‌ನ (ಪವರ್ ಸಪ್ಲೈ) ಫ್ಯಾನ್ ಕಿತ್ತು ಪಕ್ಕದಲ್ಲಿ ನಿಲ್ಲಿಸಿದರೆ 42ಕ್ಕೆ ಬರುತ್ತದೆ.

ಓದಲಾಗದ ಸೆಕ್ಟರ್ ಉಳಿದರೆ ಯಾವ ಫೈಲ್ ಹೋಯಿತು ಅಂತ ಗಿರಾಕಿ ಕೇಳುತ್ತಾನೆ. ಡಿಡಿರೆಸ್ಕ್ಯೂನ ಫಿಲ್ ಮೋಡಿನಲ್ಲಿ ಆ ಖಾಲಿ ಸೆಕ್ಟರುಗಳಿಗೆ ಒಂದು ವಿಚಿತ್ರ ಪದ ಬರೆಸಿ, ಆಮೇಲೆ ಪ್ರತಿಯ ಫೈಲುಗಳಲ್ಲಿ ಆ ಪದ ಹುಡುಕಿದರೆ ಪಟ್ಟಿಯೇ ಸಿಗುತ್ತದೆ. ಒಂದು ಯಂತ್ರದಲ್ಲಿ 37 ಸೆಕ್ಟರ್ ಹೋಗಿತ್ತು. ಹುಡುಕಿದರೆ ಎರಡು ಹಳೆಯ ಅಪ್‌ಡೇಟ್ ಫೈಲು, ಒಂದು ಹಾಡು. ಟ್ಯಾಲಿಯ ಒಂದು ಬೈಟೂ ಇಲ್ಲ.

ಇನ್ನು ಜಾಗ. 500ರಿಂದ 1 ಟಿಬಿಗೆ ಬಿಟ್‌ ಬಿಟ್ ನಕಲಾದ ಮೇಲೆ ಮಂದಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ನೋಡುತ್ತಾರೆ, ಎಕ್ಸ್‌ಟೆಂಡ್ ವಾಲ್ಯೂಮ್ ಮಂಕಾಗಿರುತ್ತದೆ. ಖಾಲಿ ಜಾಗ ಕೊನೆಯಲ್ಲಿದೆ, ಸಿ ಮತ್ತು ಅದರ ನಡುವೆ ರಿಕವರಿ ಪಾರ್ಟಿಷನ್ ಗೋಡೆ ಹಾಕಿ ಕೂತಿದೆ. ಮೊದಲು ಜಿಪಿಟಿಯ (ಹೊಸ ಬಗೆಯ ಪಾರ್ಟಿಷನ್ ಪಟ್ಟಿ) ಬ್ಯಾಕಪ್ ಹೆಡರನ್ನು ಜಿಡಿಸ್ಕ್ ಎಂಬ ಸಾಧನದಿಂದ ಡಿಸ್ಕಿನ ಕೊನೆಗೆ ಸರಿಸಿ. ನಕಲಾದ ಮೇಲೆ ಅದು ನಟ್ಟನಡುವೆ ಉಳಿದಿರುತ್ತದೆ. ಆಮೇಲೆ ರಿಕವರಿಯನ್ನು ಎಳೆದಾಡುವ ಗೋಜೇ ಬೇಡ: ಅಳಿಸಿ, ಸಿ ದೊಡ್ಡದು ಮಾಡಿ, ಕೊನೆಯಲ್ಲಿ 1 ಜಿಬಿಯ ಹೊಸದು ಕಟ್ಟಿ, ಅದಕ್ಕೆ ರಿಕವರಿಯ ಟೈಪ್ ಐಡಿ ಹಚ್ಚಿ, ರೀಏಜೆಂಟ್‌ಸಿ ಎನೇಬಲ್. ಮೊದಲೇ ಡಿಸೇಬಲ್ ಮಾಡಿ ಫೈಲ್ ಸಿ ಒಳಗೆ ತಂದಿಟ್ಟದ್ದು ಇದಕ್ಕೇ. 2024ರ ಜನವರಿಯಲ್ಲಿ ಕೆಬಿ5034441 ಅಪ್‌ಡೇಟ್ ಊರ ತುಂಬಾ ಫೇಲ್ ಆಯಿತಲ್ಲ, ರಿಕವರಿಯಲ್ಲಿ ಜಾಗ ಸಾಲದೆ ಆದದ್ದು ಅದು. 1 ಜಿಬಿ ಕೊಟ್ಟರೆ ಆ ಕಾಟವೂ ತೀರಿತು.

ನಮ್ಮ ಕಡೆಯ ಹಳೆಯ ಯಂತ್ರಗಳ ತಲೆಬೇನೆ ಬೇರೆಯೇ. ಎಂಬಿಆರ್ ಎಂಬ ಹಳೆಯ ಬಗೆಯ ಪಾರ್ಟಿಷನ್ ಪಟ್ಟಿಯ ಡಿಸ್ಕು, ಸಿಗೆ 100 ಜಿಬಿ, ಆಮೇಲೆ ಎಕ್ಸ್‌ಟೆಂಡೆಡ್ ಎಂಬ ಪಾರ್ಟಿಷನ್ ಒಳಗೆ ಡಿ ಮತ್ತು ಇ. ಸಿ ತುಂಬಿ ಕೆಂಪಾಗಿರುತ್ತದೆ, ಇ ಖಾಲಿ ಹೊಡೆಯುತ್ತಿರುತ್ತದೆ. ಎಂಬಿಆರ್‌ನಲ್ಲಿ 2.2 ಟಿಬಿ ದಾಟಿದರೆ ಉಳಿದ ಜಾಗ ಕಾಣುವುದಿಲ್ಲ. ಜಿಪಿಟಿಗೆ ಬದಲಿಸುವ ಎಂಬಿಆರ್2ಜಿಪಿಟಿ ಓಡಿಸೋಣ ಎಂದರೆ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಕಂಡ ಕೂಡಲೇ ವ್ಯಾಲಿಡೇಶನ್ ಫೇಲ್. ಇಲ್ಲಿ ತಲೆ ಕೆರೆದುಕೊಂಡು ಒಂದು ವಾರ ಕಳೆದೆ. ಜಿಪಾರ್ಟೆಡ್‌ನಲ್ಲಿ ಡಿ, ಇ ಎರಡನ್ನೂ ಬಲಕ್ಕೆ ತಳ್ಳಲು ಆರು ತಾಸು ಹಿಡಿಯಿತು, ಅದೂ ಯುಪಿಎಸ್ ಮೇಲೆ ಜೀವ ಕೈಯಲ್ಲಿ ಹಿಡಿದು.

ಆಮೇಲೆ ಹೊಳೆದದ್ದು ಸರಳ. ಇದು ಪ್ರತಿ, ಮೂಲ ಕಪಾಟಿನಲ್ಲಿ ಭದ್ರ ಇದೆ. ಪ್ರತಿಯಲ್ಲಿ ಡಿ, ಇ, ಎಕ್ಸ್‌ಟೆಂಡೆಡ್ ಮೂರನ್ನೂ ಅಳಿಸಿಬಿಟ್ಟೆ. ಉಳಿದದ್ದು ಸಿಸ್ಟಮ್ ರಿಸರ್ವ್ಡ್ ಮತ್ತು ಸಿ, ಎರಡೇ. ಹಳೆಯ ಡಿಸ್ಕ್ ಕಳಚಿ, ವಿಂಡೋಸ್ ಪೆನ್‌ಡ್ರೈವಿನಿಂದ ಎಂಬಿಆರ್2ಜಿಪಿಟಿ ಓಡಿಸಿದರೆ ಒಂದೇ ಏಟಿಗೆ ದಾಟಿತು. ಬಯಾಸ್‌ನಲ್ಲಿ ಬೂಟ್ ಪದ್ಧತಿಯನ್ನು ಯುಇಎಫ್‌ಐ ಮಾಡಿ, ಸಿಯನ್ನು 300ಕ್ಕೆ ಹಿಗ್ಗಿಸಿ, ಡಿ ಮತ್ತು ಇ ಹೊಸದಾಗಿ ಕಟ್ಟಿ, ಅದೇ ಅಕ್ಷರ ಕೊಟ್ಟು, ಹಳೆಯ ಡಿಸ್ಕಿನಿಂದ ರೋಬೋಕಾಪಿ. ಅವು ಬರೀ ಫೈಲುಗಳು, ಅವಕ್ಕೆ ಬಿಟ್ ಬಿಟ್ ನಕಲು ಯಾಕೆ? ಅಕ್ಷರ ಮಾತ್ರ ಬದಲಾಗಬಾರದು, ಟ್ಯಾಲಿಯ ಡೇಟಾ ದಾರಿ ಡಿಯಿಂದ ಶುರುವಾಗಿರುತ್ತದೆ. ಬೋರ್ಡಿಗೆ ಯುಇಎಫ್‌ಐ ಇಲ್ಲದಿದ್ದರೆ ಅಥವಾ ವಿಂಡೋಸ್ 32 ಬಿಟ್ ಆಗಿದ್ದರೆ ಈ ಆಟ ಬೇಡ, 2 ಟಿಬಿಯ ಒಳಗೇ ಕೊಳ್ಳಲು ಹೇಳಿ.

ಎರಡನೆಯ ಸೋಲು ಡಬ್ಬಿಯದು. 4 ಟಿಬಿ ಡಿಸ್ಕನ್ನು ಯುಎಸ್‌ಬಿ ಎನ್‌ಕ್ಲೋಶರಿನಲ್ಲಿ ಹಾಕಿ, ಅಲ್ಲೇ ಪಾರ್ಟಿಷನ್ ಕಟ್ಟಿ ನಕಲು ಮಾಡಿದೆ. ತೆಗೆದು ಸಾಟಾಗೆ ಹಚ್ಚಿದರೆ ರಾ (ಫಾರ್ಮ್ಯಾಟೇ ಆಗದ್ದು) ಅಂತ ತೋರಿಸಿತು. ಕೆಲವು ಎನ್‌ಕ್ಲೋಶರುಗಳು ದೊಡ್ಡ ಡಿಸ್ಕಿನ 512 ಬೈಟ್ ಸೆಕ್ಟರನ್ನು 4096 ಅಂತ ತೋರಿಸುತ್ತವೆ. ಡಬ್ಬಿ ಹೋದ ಕೂಡಲೇ ಲೆಕ್ಕ ಎಲ್ಲ ಎಂಟು ಪಟ್ಟು ತಪ್ಪು. ಡಿಸ್ಕೇ ಸತ್ತಿದೆ ಅಂತ ವಾಪಸ್ ಕೊಡಲು ಹೊರಟಿದ್ದೆ. ಈಗ ಎಫ್‌ಡಿಸ್ಕಿನಲ್ಲಿ ಲಾಜಿಕಲ್ ಸೆಕ್ಟರ್ ಗಾತ್ರ ನೋಡದೆ ಶುರು ಮಾಡುವುದಿಲ್ಲ, ಆದಷ್ಟು ನೇರ ಸಾಟಾಗೇ ಹಚ್ಚುತ್ತೇನೆ.

ಮೊದಲ ಬೂಟಿಗೆ ಹೊಸ ಡಿಸ್ಕ್ ಒಂದೇ ಇರಬೇಕು. ಎರಡೂ ಇದ್ದರೆ ಒಂದೇ ಸಿಗ್ನೇಚರ್ (ಡಿಸ್ಕಿನ ಗುರುತಿನ ಸಂಖ್ಯೆ) ಕಂಡು ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ. ನೀವು ಆನ್‌ಲೈನ್ ಒತ್ತಿದಿರೋ, ಅದರ ಸಿಗ್ನೇಚರ್ ಬದಲಾಗಿ ಮುಂದಿನ ಸಲ ಅದು ಏಳುವುದಿಲ್ಲ. ಎದ್ದಿಲ್ಲವಾದರೆ ಬೂಟ್ ಫೈಲುಗಳನ್ನು ಮತ್ತೆ ಬರೆಯುವ ಬಿಸಿಡಿಬೂಟ್ ಒಂದು ಸಲ ಓಡಿಸಿದರೆ ಸಾಮಾನ್ಯವಾಗಿ ಸಾಕು. ಸಾಟಾದಿಂದ ಎನ್‌ವಿಎಂಇ ಎಸ್‌ಎಸ್‌ಡಿಗೆ ಹೋಗುವಾಗ ಬರುವ 7ಬಿ ನೀಲಿ ಪರದೆಗೆ ಮದ್ದು: ನಕಲು ಮಾಡುವ ಮುಂಚೆಯೇ ಸೇಫ್ ಮೋಡ್ ಹೊಂದಿಸಿ ಶಟ್‌ಡೌನ್ ಮಾಡಿ. ಹೊಸದು ಸೇಫ್ ಮೋಡಿನಲ್ಲಿ ಏಳುತ್ತದೆ, ಡ್ರೈವರ್ ಹಿಡಿದುಕೊಳ್ಳುತ್ತದೆ, ಆಮೇಲೆ ಸೇಫ್ ಮೋಡ್ ಆಫ್ ಮಾಡಿ.

ನಡುವೆ ಹಟಕ್ಕೆ ಬಿದ್ದು ಗದಗಿನ ಒಂದು ಎಕ್ಸ್‌ಪಿ ಯಂತ್ರವನ್ನೂ ದಾಟಿಸಿದೆ, 80 ಜಿಬಿ ಐಡಿಇಯಿಂದ 500 ಜಿಬಿ ಸಾಟಾಗೆ. ಎಕ್ಸ್‌ಪಿಯ ಪಾರ್ಟಿಷನ್ 63ನೇ ಸೆಕ್ಟರಿನಿಂದ ಶುರು, 4ಕೆ (4096 ಬೈಟ್ ಸೆಕ್ಟರಿನ) ಡಿಸ್ಕಿಗೆ ಅದು ಓರೆ. 2048ಕ್ಕೆ ಸರಿಸಿದೆ. ಯಂತ್ರ ಎದ್ದಿತು, ಲಾಗಿನ್ ಆಯಿತು, ತಾನೇ ಲಾಗಾಫ್ ಆಯಿತು, ಮತ್ತೆ ಲಾಗಿನ್. ಎಕ್ಸ್‌ಪಿ ಡ್ರೈವ್ ಅಕ್ಷರವನ್ನು ಸಿಗ್ನೇಚರ್ ಮತ್ತು ಶುರುವಿನ ಜಾಗ ಎರಡನ್ನೂ ಸೇರಿಸಿ ನೆನಪಿಟ್ಟಿರುತ್ತದೆ, ಜಾಗ ಬದಲಾದ್ದರಿಂದ ಸಿ ಹೋಗಿ ಇನ್ನೇನೋ ಆಗಿತ್ತು. ರಿಜಿಸ್ಟ್ರಿ ಹೈವನ್ನು (ಅದರ ಸೆಟ್ಟಿಂಗುಗಳ ಫೈಲು) ಬೇರೆ ಯಂತ್ರದಲ್ಲಿ ತೆರೆದು ಮೌಂಟೆಡ್‌ಡಿವೈಸಸ್ ಖಾಲಿ ಮಾಡಿದ ಮೇಲೆ ದಾರಿಗೆ ಬಂತು. ಎರಡು ದಿನದ ಕೆಲಸ, ಸಿಕ್ಕಿದ್ದು ಎಂಟುನೂರು. ಪೇಜ್‌ಮೇಕರ್ ಮಾತ್ರ ಇನ್ನೂ ಓಡುತ್ತಿದೆ.

ರೊಕ್ಕದ ವಿಷಯ. ನನ್ನ ಕೂಲಿ ಆರೋಗ್ಯದ ಡಿಸ್ಕಿಗೆ ಏಳುನೂರು, ಕೆಟ್ಟ ಸೆಕ್ಟರ್ ಇದ್ದರೆ ಸಾವಿರದ ಐನೂರು, ಡಿಸ್ಕಿನ ಬೆಲೆ ಬೇರೆ. ಗಿರಾಕಿಯೇ ಡಿಸ್ಕ್ ತರುವುದಾದರೆ ಮೊದಲೇ ಹೇಳಿ ಕಳಿಸಿ: 500 ಜಿಬಿಗೆ ಬದಲು 480ರ ಎಸ್‌ಎಸ್‌ಡಿ ತಂದು "ಹೆಚ್ಚೂಕಡಿಮಿ ಅಷ್ಟ ಐತಲ್ರಿ" ಅನ್ನುತ್ತಾರೆ. ಬಿಟ್ ಬಿಟ್ ನಕಲಿಗೆ ಒಂದು ಸೆಕ್ಟರ್ ಕಡಿಮೆ ಆದರೂ ಆಗುವುದಿಲ್ಲ.

ಮೂರನೆಯ ಸೋಲು ಹೇಳಲು ಹೆಚ್ಚಿಲ್ಲ, ಹಳೆಯ ಡಿಸ್ಕ್ ಎರಡನೆಯ ಸುತ್ತಿನಲ್ಲಿ ಟಕ್ ಟಕ್ ಅಂದು ನಿಂತುಹೋಯಿತು, ಅಷ್ಟೊತ್ತಿಗೆ ಬಂದದ್ದು ಅರವತ್ತು ಪರ್ಸೆಂಟ್. ಹಳೆಯ ಡಿಸ್ಕಿನ ಮೇಲೆ ತಾರೀಖು ಬರೆದು ಟೇಪ್ ಅಂಟಿಸಿ, ಒಂದು ತಿಂಗಳು ಮುಟ್ಟಬೇಡಿ ಅಂತ ಹೇಳಿ ಗಿರಾಕಿಯ ಕೈಗೇ ಕೊಡುತ್ತೇನೆ. ಅರ್ಧಕ್ಕರ್ಧ ಮಂದಿ ಮರುದಿನವೇ ಅದನ್ನು ಫಾರ್ಮ್ಯಾಟ್ ಮಾಡಿ ಸಿನಿಮಾ ತುಂಬಿಕೊಂಡಿರುತ್ತಾರೆ.