ಸಂಕೇತವೇ ತಲುಪದ ಜಾಗದಲ್ಲಿ ರೇಡಿಯೊ ಗಡಿಯಾರ: ನನ್ನ ಅನುಭವ

ರೇಡಿಯೊ ಗಡಿಯಾರವೆಂದರೆ ದೂರದ ಪ್ರಸಾರ ಕೇಂದ್ರದ ಸಮಯ ಸಂಕೇತ ಹಿಡಿದು ತಾನೇ ಸಮಯ ಹೊಂದಿಸಿಕೊಳ್ಳುವ ಗಡಿಯಾರ. ಮಾತನಾಡುವ ಅಂಥದೊಂದು ಅಲಾರಂ ಗಡಿಯಾರಕ್ಕೆ ಮೊಬೈಲಿನಿಂದಲೇ ಸಮಯ ಕೊಡುತ್ತೇನೆ ಎಂದಾಗ ಒಬ್ಬರೂ ನಂಬಲಿಲ್ಲ. ಜರ್ಮನಿಯ ಮೈನ್‌ಫ್ಲಿಂಗೆನ್‌ನಿಂದ 77.5 ಕಿಲೊಹರ್ಟ್ಸ್‌ನಲ್ಲಿ ಹೊರಡುವ, ಈ ಗಡಿಯಾರ ಹಿಡಿಯುವ ಡಿಸಿಎಫ್77 ಎಂಬ ಸಮಯ ಸಂಕೇತ ಸುಮಾರು 2000 ಕಿಲೊಮೀಟರ್ ಬಂದರೆ ಹೆಚ್ಚು. ನಾನಿರುವುದು ಅದರಾಚೆ ಬಹಳ ದೂರ. ‘ಗುಂಡಿ ಒತ್ತಿ ಹೊಂದಿಸಿಕೋ’ ಎಂದರು. ನನಗೆ ಕಣ್ಣು ಕಾಣಿಸುವುದಿಲ್ಲ. ಸಮಯ ಕೇಳಿದರೆ ಹೇಳುವ ಈ ಗಡಿಯಾರ, ಗುಂಡಿಯಿಂದ ಹೊಂದಿಸುವಾಗ ಮಾತ್ರ ಬಾಯಿ ಬಿಡುವುದಿಲ್ಲ, ಎಲ್ಲವೂ ಪರದೆಯ ಮೇಲೆ. ಬ್ಯಾಟರಿ ಬದಲಿಸಿದಾಗಲೆಲ್ಲ ಇನ್ನೊಬ್ಬರ ಬಿಡುವಿಗಾಗಿ ಕಾಯುವುದು ನನಗೆ ಸಾಕಾಗಿತ್ತು.

ಉಪಾಯ ಇದು: ಆ ಸಂಕೇತವನ್ನು ಮೊಬೈಲಿನಲ್ಲಿ ಸ್ವರವಾಗಿ ನುಡಿಸಿ, ತಂತಿಯ ಸುರುಳಿಯಿಂದ ಗಡಿಯಾರಕ್ಕೆ ಮುಟ್ಟಿಸುವುದು. 15.5 ಕಿಲೊಹರ್ಟ್ಸ್ ಸ್ವರದ ಐದನೆಯ ಹಾರ್ಮೋನಿಕ್, ಅಂದರೆ ಅದರೊಡನೆ ಹೊರಡುವ ಐದು ಪಟ್ಟು ಆವರ್ತನ, 77.5. ಹಳೆಯ ಇಯರ್‌ಫೋನಿನ ಪಿನ್ನಿಗೆ ಎನಾಮಲ್ ತಂತಿಯ ಸುರುಳಿ, ನಡುವೆ ಒಂದು ರೆಸಿಸ್ಟರ್. ಅಷ್ಟೇ.

ಅಷ್ಟಕ್ಕೇ ನಾಲ್ಕು ತಿಂಗಳು ಹಿಡಿಯಿತು. ಆಂಟೆನಾ ತಂತಿ ಸುತ್ತಿರುವ ಫೆರೈಟ್ ಕಡ್ಡಿ ಎಲ್ಲಿದೆಯೆಂದು ಬೆರಳಿನಿಂದ ಹುಡುಕಲು ಮೊದಲ ಗಡಿಯಾರವನ್ನು ಬಿಚ್ಚಿದೆ. ಕೂದಲಿನಷ್ಟು ತೆಳುವಾದ ಆಂಟೆನಾ ತಂತಿ ಕಿತ್ತು ಬಂತು. ಎರಡನೆಯದನ್ನು ಕೊಂಡೆ. ಎಂಪಿ3 ಕಡತ ನುಡಿಸಿ ಒಂದು ವಾರ ಹಾಳಾಯಿತು: ಆ ಎತ್ತರದ ಸ್ವರವನ್ನು ಸಂಕೋಚನವೇ ನುಂಗಿಬಿಡುತ್ತಿತ್ತು. ಚಾರ್ಜರ್ ಸಿಕ್ಕಿಸಿಟ್ಟ ಮೊಬೈಲಿನಿಂದಲೂ ಆಗಲಿಲ್ಲ. ಸಂಕೇತ ಸರಿಯಿದೆಯೇ ಎಂದು ಪರೀಕ್ಷಿಸಲು ಇರುವ ಪ್ಯಾರಿಟಿ ಬಿಟ್ ಒಂದು ತಪ್ಪಿದ್ದಕ್ಕೆ ಗಡಿಯಾರ ಹತ್ತು ರಾತ್ರಿ ‘ಹನ್ನೆರಡು ಗಂಟೆ’ ಎನ್ನುತ್ತಲೇ ಇತ್ತು. ಅದು ಸರಿಹೋದಾಗ ಒಂದು ನಿಮಿಷ ಹಿಂದೆ! ಈ ನಿಮಿಷದಲ್ಲಿ ಕಳುಹಿಸುವ ಸಂಕೇತ ಮುಂದಿನ ನಿಮಿಷದ್ದಾಗಿರಬೇಕು ಎಂಬುದನ್ನು ಮರೆತಿದ್ದೆ.

ನಡುವೆ 192 ಕಿಲೊಹರ್ಟ್ಸ್ ಸ್ಯಾಂಪ್ಲಿಂಗ್ ದರದ ಸೌಂಡ್ ಕಾರ್ಡ್ ತರಿಸಿದೆ. ಅದರಲ್ಲಿ 77.5 ನೇರವಾಗಿಯೇ ಹೊರಡುತ್ತದೆ, ಹಾರ್ಮೋನಿಕ್ಕಿನ ಹಂಗಿಲ್ಲ. ಆದರೆ ಅದಕ್ಕೆ ಕಂಪ್ಯೂಟರ್ ಬೇಕು, ದುಡ್ಡು ಮೂರನೆಯ ಗಡಿಯಾರ ಕೊಳ್ಳುವಷ್ಟು. ಕೈಯಲ್ಲಿರುವ ಮೊಬೈಲಿನಲ್ಲೇ ಆಗಬೇಕೆಂಬ ಹಟ ನನ್ನದು. ಕಾರ್ಡ್ ಈಗ ಪೆಟ್ಟಿಗೆಯಲ್ಲಿದೆ.

ಗೆದ್ದ ರಾತ್ರಿ ಸುರುಳಿಯನ್ನು ಗಡಿಯಾರದ ಬೆನ್ನಿಗೆ ಒತ್ತಿ, ಬೆರಳಗಲ ಬೆರಳಗಲವಾಗಿ ಸರಿಸಿ ಒಂದು ಕಡೆ ನಿಲ್ಲಿಸಿದೆ. ಸುರುಳಿಯ ಅಕ್ಷ ಕಡ್ಡಿಯ ಉದ್ದಕ್ಕೇ ಇರಬೇಕು, ಅಡ್ಡ ಹಿಡಿದರೆ ಏನೂ ಇಲ್ಲ. ಎಷ್ಟು ಸುತ್ತು, ಕತ್ತಲಲ್ಲೂ ಆ ಜಾಗ ತಪ್ಪದಂತೆ ನಾನು ಮಾಡಿಕೊಂಡ ಗುರುತು ಯಾವುದು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಐದಾರು ನಿಮಿಷ ಬಿಟ್ಟು ಮೇಲಿನ ದೊಡ್ಡ ಗುಂಡಿ ಒತ್ತಿದೆ: ‘ಒಂಬತ್ತು ನಲವತ್ತೆರಡು’. ಮೊಬೈಲೂ ಅದನ್ನೇ ಹೇಳಿತು. ಎರಡನ್ನೂ ಕಿವಿಗೆ ಹಿಡಿದು ಮತ್ತೆ ಮತ್ತೆ ಒತ್ತಿದೆ. ನಲವತ್ಮೂರಕ್ಕೆ ಎರಡೂ ಒಟ್ಟಿಗೆ ದಾಟಿದವು. ಆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ಲಾಭ ಸಿಕ್ಕಿತು. ಈ ಗಡಿಯಾರದಲ್ಲಿ ಕಾಲವಲಯವನ್ನು ಪೂರ್ತಿ ಗಂಟೆಗಳ ಲೆಕ್ಕದಲ್ಲೇ ಬದಲಿಸಬೇಕು, ಅರ್ಧ ಗಂಟೆಯ ವ್ಯತ್ಯಾಸಕ್ಕೆ ದಾರಿಯಿಲ್ಲ. ಸಂಕೇತ ನನ್ನದೇ ಆದ್ದರಿಂದ ಸ್ಥಳೀಯ ಸಮಯವನ್ನೇ ತುಂಬಿ ಕಳುಹಿಸುತ್ತೇನೆ. ಈಚೆಗೆ ಎರಡು ಸಲ ಬ್ಯಾಟರಿ ಬದಲಿಸಿದ್ದೇನೆ, ಯಾರನ್ನೂ ಕರೆಯಲಿಲ್ಲ. ಬೆಳಗಿನ ಅಲಾರಂ ಐದೂವರೆಗೆ ಸರಿಯಾಗಿ ಎಬ್ಬಿಸುತ್ತಿದೆ.

ಸುದ್ದಿ ಕೇಳಿದ ಸ್ನೇಹಿತರೊಬ್ಬರು 60 ಕಿಲೊಹರ್ಟ್ಸ್ ಸಂಕೇತ ಹಿಡಿಯುವ ತಮ್ಮ ಗಡಿಯಾರವನ್ನು ತಂದುಕೊಟ್ಟಿದ್ದಾರೆ. ಅದಕ್ಕೆ 20 ಕಿಲೊಹರ್ಟ್ಸ್‌ನ ಮೂರನೆಯ ಹಾರ್ಮೋನಿಕ್ ಬೇಕು. ನನ್ನ ಮೊಬೈಲ್ ಅಷ್ಟು ಎತ್ತರದಲ್ಲಿ ಸೊರಗುತ್ತದೆ. ಮೂರು ರಾತ್ರಿ ಕಳೆದವು, ಅದಿನ್ನೂ ‘ಹನ್ನೆರಡು ಗಂಟೆ’ ಎನ್ನುತ್ತಿದೆ. ಸುರುಳಿಗೆ ಇನ್ನಷ್ಟು ಸುತ್ತು ಸೇರಿಸಿ ಇವತ್ತು ಮತ್ತೆ ಕೂರುತ್ತೇನೆ.