ಮಲೆನಾಡಿನಿಂದ ಆಲ್ಪ್ಸ್ ನಡಿಗೆಗೆ: ಏರಿಗಿಂತ ಇಳುಕಲಿಗೆ ತಯಾರಾಗಿ

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಗುಡ್ಡ ಹತ್ತುವುದು ಹೊಸದಲ್ಲ. ಹಾಗಾಗಿ ಆಲ್ಪ್ಸ್‌ನಲ್ಲಿ ಒಂದು ವಾರ ನಡೆಯಲು ಹೊರಟವರು ಹೆಚ್ಚಾಗಿ ದಮ್ಮಿನ ಬಗ್ಗೆ, ಚಳಿಯ ಬಗ್ಗೆ ಯೋಚಿಸುತ್ತಾರೆ. ಅಲ್ಲಿ ಮೊದಲು ಕೈಕೊಡುವುದು ತೊಡೆ ಮತ್ತು ಮಂಡಿ, ಅದೂ ಇಳಿಯುವಾಗ. ಕೊಡಚಾದ್ರಿ ಇಳಿದ ಮರುದಿನ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂರಬಹುದು. ಆಲ್ಪ್ಸ್‌ನಲ್ಲಿ ಮರುದಿನ ಬೆಳಿಗ್ಗೆ ಮತ್ತೆ 700 ಮೀಟರ್ ಇಳಿಯಬೇಕು, ಅದರ ಮರುದಿನ ಇನ್ನೊಂದು ಸಾವಿರ. ಈ ಬರಹದ ಬಹುಪಾಲು ಇದಕ್ಕೇ ಮೀಸಲು.

ಯಾವಾಗ ಹೋಗಬೇಕು

ನಡಿಗೆಯ ಕಾಲ ಜೂನ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ. ಜೂನ್‌ನಲ್ಲಿ, ಕೆಲವು ವರ್ಷ ಜುಲೈ ಮೊದಲ ವಾರಗಳಲ್ಲೂ, ಎತ್ತರದ ಕಣಿವೆದಾರಿಗಳ ಉತ್ತರ ಮಗ್ಗುಲಲ್ಲಿ ಹಳೆಯ ಹಿಮ ಉಳಿದಿರುತ್ತದೆ. ಬೆಳಗಿನ ಹೊತ್ತು ಅದು ಗಾಜಿನಂತೆ ಗಟ್ಟಿ. ಪಾಚಿ ಹಿಡಿದ ಜಂಬಿಟ್ಟಿಗೆಯ ಮೇಲೆ ಕಾಲು ಜಾರಿದರೆ ಕೂತುಬಿಡುತ್ತೇವೆ. ಇಳಿಜಾರಿನ ಹಿಮದ ಮೇಲೆ ಜಾರಿದರೆ ನಿಲ್ಲಲು ಆಧಾರವೇ ಸಿಗದು. ಶೂಗೆ ಕಟ್ಟುವ ಹಲ್ಲುಪಟ್ಟಿ ಇಲ್ಲದೆ, ಅದರ ಬಳಕೆ ಗೊತ್ತಿಲ್ಲದೆ ದಾಟಲು ಹೋಗಬಾರದು. ಹಿಂದೆ ತಿರುಗಿ.

ಮಲೆನಾಡಿನವರಿಗೆ ನಾವು ಹೇಳುವ ಕಾಲ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಎರಡನೇ ವಾರ. ಇಲ್ಲಿ ಮಘೆ ಮಳೆ ಮುಗಿದು ಹುಬ್ಬೆ ಹುಟ್ಟುವ ಹೊತ್ತು. ಅಲ್ಲಿ ದಾರಿಗಳಲ್ಲಿ ಹಿಮ ಕಡಿಮೆ, ನಡುಬೇಸಿಗೆಯಷ್ಟು ಗುಡುಗಿಲ್ಲ, ಜನಜಂಗುಳಿ ಕರಗಿರುತ್ತದೆ, ಬೆಟ್ಟದ ತಂಗುಮನೆಗಳು ಇನ್ನೂ ತೆರೆದಿರುತ್ತವೆ. ಜೂನ್‌ನಲ್ಲಿ ಇಲ್ಲಿ ಮಳೆ ಹಿಡಿದಾಗ ಅಭ್ಯಾಸ ಶುರು ಮಾಡಿದರೆ ಸರಿಯಾಗಿ 12 ವಾರ ಸಿಗುತ್ತದೆ.

ಇಳಿಯುವುದು ಏಕೆ ಕಷ್ಟ

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಮೈಭಾರವನ್ನು ತಡೆಯುತ್ತಾ ಉದ್ದವಾಗಬೇಕು. ಹೀಗೆ ಎಳೆತದಲ್ಲೇ ಕೆಲಸ ಮಾಡಿದಾಗ ಎಳೆಗಳಲ್ಲಿ ಸಣ್ಣ ಸಣ್ಣ ಸೀಳುಗಳಾಗುತ್ತವೆ. ನೋವು ಅಂದೇ ಕಾಣದೆ ಒಂದೆರಡು ದಿನ ಬಿಟ್ಟು ಏರುತ್ತದೆ. ಮೂರನೆಯ ದಿನ ಮೆಟ್ಟಿಲು ಇಳಿಯಲು ಕಟಾಂಜನ ಹಿಡಿಯಬೇಕಾಗುವುದು ಇದರಿಂದಲೇ. ಸಮಾಧಾನವೆಂದರೆ ಒಮ್ಮೆ ಹೀಗೆ ದಣಿದು ಚೇತರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸವನ್ನು ಹೆಚ್ಚು ನೋವಿಲ್ಲದೆ ತಡೆದುಕೊಳ್ಳುತ್ತದೆ. ಆದ್ದರಿಂದ ಹೊರಡುವ ಮೊದಲಿನ ತಿಂಗಳಲ್ಲಿ ಇಳುಕಲು ನಡೆದಿರಲೇಬೇಕು. ಸಮತಟ್ಟು ರಸ್ತೆಯಲ್ಲಿ ದಿನಾ ಹತ್ತು ಕಿ.ಮೀ. ನಡೆದರೂ, ಸೈಕಲ್ ತುಳಿದರೂ ಈ ರಕ್ಷಣೆ ಸಿಗದು.

12 ವಾರದ ಅಭ್ಯಾಸ

ಮೊದಲ 4 ವಾರ ಮೆಟ್ಟಿಲು ಸಾಕು. ಮಳೆಯಲ್ಲಿ ಶಿವಮೊಗ್ಗ ಪೇಟೆಯಲ್ಲಿರುವವರಿಗೆ ಇದಕ್ಕಿಂತ ಸುಲಭದ ದಾರಿಯಿಲ್ಲ. ಸಾಮಾನ್ಯ ಕಟ್ಟಡದ ಮೆಟ್ಟಿಲು ಒಂದೊಂದು ಸುಮಾರು 16–17 ಸೆಂ.ಮೀ. ಎತ್ತರ, ಅಂದರೆ 600 ಮೆಟ್ಟಿಲಿಗೆ 100 ಮೀಟರ್. ಮೂರು ಮಹಡಿಗೆ ಸುಮಾರು 60 ಮೆಟ್ಟಿಲಿದ್ದರೆ 30 ಸುತ್ತಿಗೆ 300 ಮೀಟರ್ ಏರು, ಅಷ್ಟೇ ಇಳುಕಲು. ವಾರಕ್ಕೆ ಎರಡು ಸಲ ಮಾಡಿ. ಲಿಫ್ಟ್‌ನಲ್ಲಿ ಇಳಿದರೆ ಮಾಡಿದ್ದು ಅರ್ಧ ಕೆಲಸ, ಅದೂ ಬೇಡದ ಅರ್ಧ. ಇಳಿಯುವಾಗ ಪಾದ ಸದ್ದಾಗದಂತೆ ಊರಿ, ಮಂಡಿ ಸ್ವಲ್ಪ ಬಾಗಿರಲಿ. ಧಡಧಡ ಸದ್ದು ಕೇಳಿದರೆ ಹೊಡೆತ ಸ್ನಾಯು ಬಿಟ್ಟು ಮಂಡಿಗೆ ಬೀಳುತ್ತಿದೆ ಎಂದೇ ಅರ್ಥ.

5ರಿಂದ 8ನೇ ವಾರ ಬೆನ್ನಿಗೆ ಭಾರ. ನೀರಿನ ಬಾಟಲಿಗಿಂತ ಒಳ್ಳೆಯ ತೂಕದ ಕಲ್ಲಿಲ್ಲ: ಒಂದು ಲೀಟರ್‌ಗೆ ಒಂದು ಕೆ.ಜಿ. 4 ಲೀಟರ್‌ನಿಂದ ಶುರು ಮಾಡಿ. ಮೊದಲ ಎರಡು ವಾರ ತುದಿಯಲ್ಲಿ ನೀರು ಚೆಲ್ಲಿ ಹಗುರಾಗಿ ಇಳಿಯಿರಿ. ಆಮೇಲೆ ಹೊತ್ತೇ ಇಳಿಯಿರಿ. ತೀರ್ಥಹಳ್ಳಿ ತಾಲ್ಲೂಕಿನ 826 ಮೀಟರ್‌ನ ಕುಂದಾದ್ರಿ ಈ ಹಂತಕ್ಕೆ ಹೇಳಿಮಾಡಿಸಿದಂತಿದೆ. ಪಾರ್ಶ್ವನಾಥ ಬಸದಿಯವರೆಗೆ ಟಾರು ರಸ್ತೆಯಿದೆ, ಹಾಗಾಗಿ ಮಳೆಯಲ್ಲೂ ಕಾಲಿಗೆ ನೆಲೆ ಸಿಗುತ್ತದೆ, ಇಂಬಳದ ಕಾಟವೂ ಕಾಡಿನಷ್ಟಿಲ್ಲ. ಒಂದೇ ದಿನ ಎರಡು ಸಲ ಹತ್ತಿಳಿಯಿರಿ. ತಿರುವುಗಳಲ್ಲಿ ವಾಹನ ಬರುತ್ತದೆ, ಮಂಜಿನಲ್ಲಿ ಎದ್ದು ಕಾಣುವ ಬಣ್ಣದ ಬಟ್ಟೆ ಇರಲಿ.

9ರಿಂದ 11ನೇ ವಾರ ಬೆನ್ನುಬೆನ್ನಿಗೆ ಎರಡು ದಿನ. ಶನಿವಾರ ದಣಿದ ಕಾಲಿನಲ್ಲೇ ಭಾನುವಾರ ಮತ್ತೆ ಇಳಿಯುವುದು ಇಡೀ ತಯಾರಿಯ ತಿರುಳು. 1,343 ಮೀಟರ್‌ನ ಕೊಡಚಾದ್ರಿಯಾಗಲಿ, ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯಾಗಲಿ ಆದೀತು, ಆದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ಇದೆಯೇ ನೋಡಿ. ಜೋರು ಮಳೆಯಲ್ಲಿ ಈ ದಾರಿಗಳನ್ನು ಮುಚ್ಚುತ್ತಾರೆ. ಹಿಡ್ಲುಮನೆ ಅಬ್ಬಿಯ ಪಕ್ಕದ ದಾರಿಯನ್ನಂತೂ ಮಳೆಗಾಲದ ಅಭ್ಯಾಸಕ್ಕೆ ಇಟ್ಟುಕೊಳ್ಳಲೇಬೇಡಿ. ಮೇಲೆ ಸುರಿದ ಮಳೆ ಕೆಳಗಿನವರಿಗೆ ಗೊತ್ತಾಗುವ ಮೊದಲೇ ನೀರು ಬಂದಿರುತ್ತದೆ. ಗುಡ್ಡ ಸಿಗದಿದ್ದರೆ ಮೆಟ್ಟಿಲಿಗೇ ಮರಳಿ, 8 ಕೆ.ಜಿ. ಹೊತ್ತು 50 ಸುತ್ತು.

12ನೇ ವಾರ ಬರೀ ಹಗುರ ನಡಿಗೆ. ಮಂಡಿಯಲ್ಲಿ ಚುಚ್ಚುವ ನೋವು ಅಥವಾ ಊತ ಕಂಡರೆ ಅದು ಸ್ನಾಯುವಿನ ನೋವಲ್ಲ, ಅಭ್ಯಾಸ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.

ಊರುಗೋಲು ಎರಡೂ ಕೈಗೆ ಬೇಕು. ಏರುವಾಗ ಮೊಣಕೈ ಲಂಬಕೋನದಲ್ಲಿ ಮಡಚುವಷ್ಟು ಉದ್ದ. ಇಳಿಯುವಾಗ 5–10 ಸೆಂ.ಮೀ. ಹೆಚ್ಚು. ಪಟ್ಟಿಯೊಳಗೆ ಕೈಯನ್ನು ಕೆಳಗಿನಿಂದ ತೂರಿಸಿ ಹಿಡಿ ಹಿಡಿದರೆ ಭಾರ ಮಣಿಕಟ್ಟಿಗೆ ಹೋಗುತ್ತದೆ, ಬೆರಳು ಸೋಲುವುದಿಲ್ಲ. ವಿಮಾನದಲ್ಲಿ ಇವನ್ನು ಚೆಕ್-ಇನ್ ಸಾಮಾನಿನಲ್ಲೇ ಹಾಕಿ.

ಅಟ್ಟದಲ್ಲಿಟ್ಟ ಶೂ, ರೈನ್‌ಕೋಟು

ನಮ್ಮ ಹವೆಗೆ ಸೇರಿದ ವಿಶೇಷ ತೊಂದರೆಯಿದು. ಟ್ರೆಕ್ಕಿಂಗ್ ಶೂಗಳ ಅಟ್ಟೆಯ ನಡುಪದರ ಎಷ್ಟೋ ಸಲ ಪಾಲಿಯುರಿಥೇನ್ ಆಗಿರುತ್ತದೆ. ತೇವದ ಗಾಳಿಯಲ್ಲಿ ಅದು ವರ್ಷಗಳ ಕಾಲ ಒಳಗೊಳಗೇ ಸಡಿಲವಾಗುತ್ತದೆ. ಹೊರಗೆ ಹೊಸದರಂತೆ ಕಾಣುವ ಶೂ ನಡಿಗೆಯ ಮೊದಲ ದಿನವೇ ಅಟ್ಟೆ ಕಳಚಿಕೊಳ್ಳುತ್ತದೆ. ಹೆಬ್ಬೆರಳಿನಿಂದ ನಡುಪದರವನ್ನು ಗಟ್ಟಿಯಾಗಿ ಒತ್ತಿ, ಶೂವನ್ನು ಬಾಗಿಸಿ ನೋಡಿ. ಬಿರುಕು, ಪುಡಿ, ಅಂಟಂಟು ಕಂಡರೆ ಅದನ್ನು ಒಯ್ಯಬೇಡಿ, ಗೋಂದು ಹಚ್ಚಿ ನಂಬಬೇಡಿ. ರೈನ್‌ಕೋಟಿನ ಮತ್ತು ಬ್ಯಾಗಿನ ಒಳಲೇಪಕ್ಕೂ ಇದೇ ಗತಿ: ಅಂಟಾಗಿ ಸಿಪ್ಪೆ ಎದ್ದಿದ್ದರೆ ಅದು ಇನ್ನು ನೀರು ತಡೆಯದು. ಒಳ್ಳೆಯ ಶೂಗಳನ್ನು ಬೂಷ್ಟು ಹಿಡಿಯದಂತೆ ಒಳಗೆ ಪತ್ರಿಕೆ ಕಾಗದ ತುಂಬಿ, ಗಾಳಿಯಾಡುವಲ್ಲಿಡಿ. ಒಲೆಯ ಪಕ್ಕ ಒಣಗಿಸಿದರೆ ಗೋಂದು ಬಿಡುತ್ತದೆ.

ಹೊಸ ಶೂ ಕೊಳ್ಳುವಾಗ ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಬೆರಳುಗಳು ಮುಂದೆ ತಾಗುವಂತೆ ಪಾದ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ತೂರಬೇಕು. ಜಾಗ ಸಾಲದಿದ್ದರೆ ಇಳುಕಲಿನಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಕನಿಷ್ಠ 50 ಕಿ.ಮೀ. ನಡೆದ ಮೇಲೆಯೇ ಅದನ್ನು ಅಲ್ಲಿಗೆ ಒಯ್ಯಿರಿ.

ಉಳಿದ ಸಾಮಾನು ನೀರು ಸೇರಿ 7–9 ಕೆ.ಜಿ. ಮೀರಬಾರದು. ಹತ್ತಿಯ ಬನಿಯನ್ ಬೇಡ; ಬೆವರು ಹೀರಿ ಒದ್ದೆಯಾಗೇ ಉಳಿದು ಗಾಳಿ ಬೀಸಿದಾಗ ನಡುಕ ಹುಟ್ಟಿಸುತ್ತದೆ. ಪ್ರತಿ 1,000 ಮೀಟರ್‌ಗೆ ತಾಪ ಸುಮಾರು 6.5 ಡಿಗ್ರಿ ಇಳಿಯುವುದರಿಂದ ಹಳ್ಳಿಯಲ್ಲಿ 20 ಡಿಗ್ರಿ ಇದ್ದರೆ 1,500 ಮೀಟರ್ ಮೇಲೆ 10ರ ಆಸುಪಾಸು. ಪಾಲಿಯೆಸ್ಟರ್ ಅಥವಾ ಉಣ್ಣೆಯ ಒಳಬಟ್ಟೆ, ಅದರ ಮೇಲೆ ಬೆಚ್ಚನೆಯದೊಂದು, ಹೊರಗೆ ಮಳೆ ತಡೆಯುವ ಜಾಕೆಟ್, ತೆಳು ಕೈಗವಸು, ಟೊಪ್ಪಿ, ಕಪ್ಪು ಕನ್ನಡಕ, ಸನ್‌ಸ್ಕ್ರೀನ್. ಮೋಡದ ನಾಡಿನವರಿಗೆ ಬಿಸಿಲಿನ ಎಚ್ಚರ ಕಡಿಮೆ; ಅಲ್ಲಿ ಚಳಿಯಿದ್ದರೂ ಚರ್ಮ ಸುಡುತ್ತದೆ.

ಮೊದಲ ಸಲಕ್ಕೆ ಒಂದೇ ಊರು

ಆಲ್ಪ್ಸ್‌ನ ಅತಿ ಎತ್ತರದ ಶಿಖರ ಮೋಂ ಬ್ಲಾಂಗೆ ಮೂರು ದೇಶ ಹಾದು ಹಾಕುವ ಪ್ರದಕ್ಷಿಣೆ ಸುಮಾರು 170 ಕಿ.ಮೀ., ಒಟ್ಟು ಏರು ಸುಮಾರು 10,000 ಮೀಟರ್, ಹತ್ತು-ಹನ್ನೊಂದು ದಿನ. ಅದನ್ನು ಎರಡನೆಯ ಸಲಕ್ಕಿಡಿ. ಮೊದಲ ಸಲ ಸ್ವಿಟ್ಜರ್ಲೆಂಡಿನ ಗ್ರಿಂಡೆಲ್‌ವಾಲ್ಡ್‌ನಂಥ ಊರಲ್ಲಿ ನೆಲೆ ಹೂಡಿ, ದಿನಾ ಹಗುರ ಬ್ಯಾಗ್ ಹಾಕಿ ಹೊರಡುವುದು ವಾಸಿ. ಹವೆ ಕೆಟ್ಟರೆ ದಿನ ಅದಲುಬದಲು ಮಾಡಬಹುದು.

ಮೊದಲ ದಿನ ಮೆನ್‌ಲಿಖೆನ್‌ನಿಂದ ಕ್ಲೈನ ಶೈಡೆಗ್, ಒಂದೂವರೆ ಗಂಟೆಯ ಸಲೀಸು ಹಾದಿ. ಎರಡನೆಯ ದಿನ ಕೇಬಲ್ ಕಾರ್ ಹೋಗುವ ಫಿರ್ಸ್ಟ್‌ನಿಂದ ಬಾಖಾಲ್ಪ್‌ಸೇ ಕೆರೆಗೆ ಹೋಗಿ ಬನ್ನಿ. ಮೂರನೆಯ ದಿನ ಐಗರ್ ಶಿಖರದ ಬಂಡೆಗೋಡೆಯ ಬುಡದ ಹಾದಿ: 2,320 ಮೀಟರ್‌ನ ಐಗರ್‌ಗ್ಲೆಚರ್ ನಿಲ್ದಾಣದಿಂದ 1,616 ಮೀಟರ್‌ನ ಆಲ್ಪಿಗ್ಲೆನ್‌ಗೆ 700 ಮೀಟರ್ ಇಳುಕಲು. ಮೆಟ್ಟಿಲಭ್ಯಾಸದ ಬೆಲೆ ಇಲ್ಲಿ ತಿಳಿಯುತ್ತದೆ. ಒಂದು ದಿನ ವಿಶ್ರಾಂತಿ. ಕೊನೆಗೆ ಶೀನಿಗೆ ಪ್ಲಾಟ್ಟೆಯಿಂದ 2,681 ಮೀಟರ್‌ನ ಫೌಲ್‌ಹಾರ್ನ್ ಶಿಖರ ದಾಟಿ ಫಿರ್ಸ್ಟ್.

ಆ ಕೊನೆಯ ದಾರಿಗೆ ಹೊತ್ತು ಲೆಕ್ಕ ಹಾಕುವುದು ಹೀಗೆ. ಸಮತಟ್ಟಿಗೆ ಗಂಟೆಗೆ 4 ಕಿ.ಮೀ., ಏರಿಗೆ ಗಂಟೆಗೆ 300 ಮೀಟರ್, ಇಳುಕಲಿಗೆ 500 ಮೀಟರ್. ದೂರ ಸುಮಾರು 16 ಕಿ.ಮೀ.: 4 ಗಂಟೆ. ಏರು ಸುಮಾರು 800, ಇಳುಕಲು ಸುಮಾರು 600 ಮೀಟರ್: ಸೇರಿ 4 ಗಂಟೆಗೆ ತುಸು ಕಡಿಮೆ. ದೊಡ್ಡ ಅಂಕಿಗೆ ಚಿಕ್ಕದರ ಅರ್ಧ ಕೂಡಿಸಿ: 6 ಗಂಟೆ. ಇದು ಬರೀ ನಡಿಗೆ. ಅಲ್ಲಿನ ಹಳದಿ ಕೈಮರಗಳ ಮೇಲೆ ಬರೆದ ಹೊತ್ತಿನಲ್ಲೂ ಊಟ, ಫೋಟೋ, ವಿಶ್ರಾಂತಿ ಸೇರಿಲ್ಲ, ಕಾಲುಭಾಗ ಕೂಡಿಸಿಕೊಳ್ಳಿ. ಫಿರ್ಸ್ಟ್‌ನ ಕೊನೆಯ ಕೇಬಲ್ ಕಾರ್ ಎಷ್ಟು ಹೊತ್ತಿಗೆಂದು ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ. ಅದು ತಪ್ಪಿದರೆ ದಣಿದ ಕಾಲಿಗೆ ಇನ್ನೂ 1,100 ಮೀಟರ್ ಇಳುಕಲು.

ಸ್ವಿಸ್ ದಾರಿಗಳಲ್ಲಿ ಬರೀ ಹಳದಿ ಗುರುತು ಎಂದರೆ ಎಲ್ಲರ ಹಾದಿ. ಬಿಳಿ-ಕೆಂಪು-ಬಿಳಿ ಬೆಟ್ಟದ ಹಾದಿ; ಇಕ್ಕಟ್ಟು, ಪಕ್ಕದಲ್ಲಿ ಕಮರಿ ಇರಬಹುದು. ಬಿಳಿ-ನೀಲಿ-ಬಿಳಿ ಕಂಡರೆ ಅನುಭವವಿಲ್ಲದವರು ಹಿಂದಿರುಗಿ, ಅಲ್ಲಿ ಬಂಡೆ ಹಿಡಿದು ಹತ್ತುವುದು, ಹಿಮನದಿ ದಾಟುವುದು ಬಂದೀತು.

ಗುಡುಗು, ದನ, ಉಣುಗು

ಬೇಸಿಗೆಯಲ್ಲಿ ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಕಟ್ಟುತ್ತದೆ. ಬೆಳಿಗ್ಗೆ 7ಕ್ಕೇ ಹೊರಟು 2 ಗಂಟೆಯೊಳಗೆ ಏಣು ಬಿಟ್ಟಿಳಿದಿರಬೇಕು. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು 3ರಿಂದ ಭಾಗಿಸಿದರೆ ಕಿ.ಮೀ. ಸಿಗುತ್ತದೆ, 30 ಸೆಕೆಂಡಿಗಿಂತ ಕಡಿಮೆಯಾದರೆ ಒಂಟಿ ಮರ, ಏಣು, ಕಬ್ಬಿಣದ ಹಗ್ಗಗಳಿಂದ ದೂರ ಸರಿಯಿರಿ.

ದನಗಳ ಮಾತು ನಮ್ಮವರಿಗೆ ಮುಖ್ಯ. ಮಲೆನಾಡು ಗಿಡ್ಡಗಳ ಮೈ ಸವರಿ ಬೆಳೆದವರಿಗೆ ಅಲ್ಲಿನ ಹುಲ್ಲುಗಾವಲಿನ ಕರುಗಳನ್ನು ಮುಟ್ಟುವ ಆಸೆ ಸಹಜ. ಮುಟ್ಟಬೇಡಿ. ಅವು ಬಹಳ ದೊಡ್ಡ ಮೈಯವು, ಕರು ಜೊತೆಗಿದ್ದರೆ ನುಗ್ಗುತ್ತವೆ, ಜನ ಸತ್ತದ್ದೂ ಉಂಟು. ಕನಿಷ್ಠ 20 ಮೀಟರ್ ಬಿಟ್ಟು, ಓಡದೆ ಬಳಸಿ ಹೋಗಿ. ತೆರೆದ ಬೇಲಿಯ ಗೇಟು ಮುಚ್ಚಿ ಹೊರಡಿ.

ಇಂಬಳ ಅಲ್ಲಿನ ಹಾದಿಯಲ್ಲಿ ಕಾಡುವುದಿಲ್ಲ, ಉಣುಗು ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುವುದು ನಮಗೆ ಗೊತ್ತೇ ಇದೆ. ಯುರೋಪಿನ ಕೆಳಮಟ್ಟದ ಕಾಡು-ಹುಲ್ಲುಗಳ ಉಣುಗು ಲೈಮ್ ಕಾಯಿಲೆ ಮತ್ತು ಮಿದುಳುಜ್ವರ ಹರಡುತ್ತದೆ. ಸಂಜೆ ಮಂಡಿಯ ಹಿಂಬದಿ, ತೊಡೆಸಂದಿ, ಕಂಕುಳು ನೋಡಿಕೊಳ್ಳಿ. ಕಚ್ಚಿದ್ದರೆ ಚೂಪು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಎಣ್ಣೆ, ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ.

ಊಟ, ತಂಗುಮನೆ

ಚಟ್ನಿಪುಡಿ, ಅವಲಕ್ಕಿ ಒಯ್ಯಬಹುದು. ತುಪ್ಪ, ಪೇಡಾದಂಥ ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ಹೊರದೇಶದಿಂದ ತರುವುದಕ್ಕೆ ನಿಷೇಧವಿದೆ. ಬೆಟ್ಟದ ತಂಗುಮನೆಯಲ್ಲಿ ಒಂದು ರಾತ್ರಿ ಉಳಿಯುವುದಾದರೆ ಮೊದಲೇ ಕಾಯ್ದಿರಿಸಿ, ಸಸ್ಯಾಹಾರಿಗಳಾದರೆ ಆಗಲೇ ಹೇಳಿ. ಸಂಜೆ ಹೋಗಿ ಹೇಳಿದರೆ ಅಡುಗೆ ಮುಗಿದಿರುತ್ತದೆ. ಶೂ ಬಾಗಿಲಲ್ಲೇ ಬಿಡಬೇಕು. ಹೊದಿಕೆ ಅವರು ಕೊಡುತ್ತಾರೆ, ಅದರೊಳಗೆ ಮಲಗುವ ತೆಳು ಬಟ್ಟೆಯ ಚೀಲ ನಿಮ್ಮದು. ನಗದು ಇರಲಿ. ತೊಟ್ಟಿಯ ಮೇಲೆ "ಕೈನ್ ಟ್ರಿಂಕ್‌ವಾಸರ್" ಎಂದಿದ್ದರೆ ಆ ನೀರು ಕುಡಿಯುವಂತಿಲ್ಲ.

ಕಬ್ಬಿಣದ ಹಗ್ಗದ ಹಾದಿ, ಕೊರಕಲು ಇಳಿಯುವ ಆಟ

ಬಂಡೆಗೆ ಉಕ್ಕಿನ ಹಗ್ಗ, ಮೆಟ್ಟಿಲು ಬಡಿದು ಮಾಡಿದ ವಿಯಾ ಫೆರಾಟಾ ಹಾದಿಗೆ ಹೆಲ್ಮೆಟ್, ಸೊಂಟಪಟ್ಟಿ, ಹೊಡೆತ ಹೀರುವ ಜೋಡಿ ಕೊಕ್ಕೆ ಬೇಕೇ ಬೇಕು. ಕೊಕ್ಕೆ ದಾಟಿಸುವಾಗ ಒಂದು ಸದಾ ಹಗ್ಗದಲ್ಲಿರಬೇಕು. ಈ ಸಲಕರಣೆ 40ರಿಂದ 120 ಕೆ.ಜಿ.ಯವರಿಗೆ ಮಾತ್ರ, ಅದಕ್ಕಿಂತ ಹಗುರದ ಮಕ್ಕಳನ್ನು ಮಾರ್ಗದರ್ಶಿ ಬೇರೆ ಹಗ್ಗದಲ್ಲಿ ಕಟ್ಟಬೇಕು. ನೀರಿನ ಕೊರಕಲಿನಲ್ಲಿ ಧುಮುಕುತ್ತಾ ಇಳಿಯುವ ಕ್ಯಾನ್ಯನಿಂಗ್‌ಗೆ ಗುಡುಗಿನ ಮುನ್ಸೂಚನೆ ಇದ್ದ ದಿನ, ದುಡ್ಡು ಕಟ್ಟಿದ್ದರೂ, ಹೋಗಬೇಡಿ. 1999ರ ಜುಲೈ 27ರಂದು ಇಂಟರ್‌ಲಾಕೆನ್ ಬಳಿಯ ಸಾಕ್ಸೆಟನ್ ತೊರೆಯಲ್ಲಿ ಮೇಲೆ ಸುರಿದ ಗುಡುಗುಮಳೆಯ ನೆರೆಗೆ 21 ಜನ ಸತ್ತರು. 2014ರಿಂದ ಸ್ವಿಟ್ಜರ್ಲೆಂಡಿನಲ್ಲಿ ಇಂಥ ಆಟ ನಡೆಸುವವರಿಗೆ ಪರವಾನಗಿ ಕಡ್ಡಾಯ, ಅದನ್ನು ಕೇಳಿ ನೋಡಿ.

ವಿಮೆ, ತುರ್ತು ಸನ್ನೆ

ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಗೆ ಪ್ರಯಾಣದ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ವಿಮೆ ಬೇಕು. ಪಾಲಿಸಿಯಲ್ಲಿ ಬೆಟ್ಟದ ನಡಿಗೆ, ಹೆಲಿಕಾಪ್ಟರ್ ರಕ್ಷಣೆ ಸೇರಿದೆಯೇ, ಎಷ್ಟು ಎತ್ತರದವರೆಗೆ ಎಂಬುದನ್ನು ಓದಿ. ಅಗ್ಗದ ಪಾಲಿಸಿಗಳು ಇಲ್ಲೇ ಕೈಬಿಡುವುದು.

ಯುರೋಪಿನಾದ್ಯಂತ ತುರ್ತು ಸಂಖ್ಯೆ 112; ಸ್ವಿಟ್ಜರ್ಲೆಂಡಿನ ಹೆಲಿಕಾಪ್ಟರ್ ರಕ್ಷಣಾ ಸೇವೆಗೆ 1414. ಫೋನಿಗೆ ಸಿಗ್ನಲ್ ಇಲ್ಲದಿದ್ದರೆ ಸಿಳ್ಳೆ ಅಥವಾ ಟಾರ್ಚ್‌ನಿಂದ ನಿಮಿಷಕ್ಕೆ 6 ಸಲ ಸನ್ನೆ, ಒಂದು ನಿಮಿಷ ಬಿಡುವು, ಮತ್ತೆ 6. ಕೇಳಿದವರು ನಿಮಿಷಕ್ಕೆ 3 ಸಲ ಉತ್ತರಿಸುತ್ತಾರೆ. ಹೆಲಿಕಾಪ್ಟರ್ ತಲೆಯ ಮೇಲೆ ಬಂದಾಗ ನೆರವು ಬೇಕಿದ್ದರೆ ಎರಡೂ ಕೈಗಳನ್ನು ಓರೆಯಾಗಿ ಮೇಲೆತ್ತಿ ನಿಲ್ಲಿ. ಬೇಡವಾದರೆ ಒಂದು ಕೈ ಮೇಲೆ, ಇನ್ನೊಂದು ಕೆಳಗೆ. ಕೈ ಬೀಸಿ ಟಾಟಾ ಮಾಡಬೇಡಿ. ನೆರವು ಬೇಕೋ ಬೇಡವೋ ಎಂದು ಪೈಲಟ್‌ಗೆ ತಿಳಿಯದೆ ಹೋಗುತ್ತದೆ.